ಬೀಗವಿದ್ದ ದೇವರ ಕಪಾಟು

ಆ ಕಪಾಟನ್ನು ಯಾತಕ್ಕೆಂದು ಮಾಡಿದ್ದರೋ ನನಗೆ ವರ್ಷವಿಡೀ ಗೊತ್ತಾಗಲಿಲ್ಲ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮೊಂದರಲ್ಲಿ, ತಮ್ಮ ದೇಶಕ್ಕೆ ಮರಳುವ ಯುರೋಪಿನವರು ಮಾರಿ ಹೋದ ಸಾಮಾನುಗಳ ನಡುವೆ ಅದು ನಿಂತಿತ್ತು. ತೇಗದ ಮೈ, ಸಪೂರ ಕಾಲು. ಮುಂದಿನ ಹಲಗೆಯನ್ನು ಕೆಳಕ್ಕೆ ಎಳೆದರೆ ಒಳಗೆ ಬಲ್ಬು ತಾನಾಗಿ ಹೊತ್ತಿ, ಹಿಂದಿನ ಕನ್ನಡಿಯಲ್ಲಿ ಇನ್ನೊಂದು ಬಲ್ಬು ಕಾಣಿಸುತ್ತಿತ್ತು.

“ಇದೆಂತದಕ್ಕೆ ಮಾರ್ರೆ?” ಎಂದು ಗೋದಾಮು ನಡೆಸುತ್ತಿದ್ದ ಭಟ್ಕಳದವರನ್ನು ಕೇಳಿದೆ.

“ನೀವು ಎಂತ ಇಟ್ರೆ ಅದಕ್ಕೆ, ಅಕ್ಕ. ಡೆನ್ಮಾರ್ಕಿನ ಹಳೇ ಕೆಲಸ, ಮರ ನೋಡಿ,” ಎಂದು ಅವರು ಬೇರೆ ಕಡೆ ತಿರುಗಿದರು.

ದುಬೈಯ ಕರಾಮದಲ್ಲಿದ್ದ ನಮ್ಮ ಪುಟ್ಟ ಫ್ಲಾಟಿನಲ್ಲಿ ಅಲ್ಲಿಯವರೆಗೆ ದೇವರಿಗೆ ಸಿಕ್ಕಿದ್ದು ಫ್ರಿಜ್ಜಿನ ತಲೆ ಮಾತ್ರ. ಹಾಗಾಗಿ ಕಪಾಟನ್ನು ಕೊಂಡು ತಂದು ದೇವರನ್ನು ಅದರಲ್ಲಿ ಕೂರಿಸಿದೆ. ಒಳಗಿನ ದುಂಡು ತೂತುಗಳಲ್ಲಿ ಎಳ್ಳೆಣ್ಣೆ ಬಾಟ್ಲಿ, ಪನ್ನೀರಿನ ಬಾಟ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತವು. ಎಳೆದರೆ ಹೊರಬರುವ ಕಪ್ಪು ಹಲಗೆ ದೀಪಕ್ಕೂ ಆರತಿ ತಟ್ಟೆಗೂ ಆಯಿತು. ಆದರೂ ಕುತೂಹಲ ಬಿಡಬೇಕಲ್ಲ! ಔಷಧಿಯದ್ದೇ? ಅತ್ತರಿನದ್ದೇ? ಡೆನ್ಮಾರ್ಕಿನವರೂ ಎಳ್ಳೆಣ್ಣೆ ಉರಿಸುತ್ತಾರೆಯೇ?

ಒಂದು ದಿನ ಗಂಡ ಅಬುಧಾಬಿಯಲ್ಲಿ ತಮ್ಮ ಮ್ಯಾನೇಜರರ ಮನೆಯ ಊಟ ಮುಗಿಸಿ, ಹೊಟ್ಟೆ ಹಿಡಿದು ನಗುತ್ತಾ ಬಂದರು.

“ಅವರಲ್ಲೂ ಇಂಥದ್ದೇ ಉಂಟು ಮಾರಾಯ್ತಿ. ತೂತಿನ ತುಂಬ ವಿಸ್ಕಿ ಬಾಟ್ಲಿ!”

ನನಗೆ ನಗು ಬರಲಿಲ್ಲ. ಮರುವಾರ ಅಮ್ಮ ವಿಸಿಟ್ ವೀಸಾದಲ್ಲಿ ಬರುವವಳಿದ್ದಳು. ಅಪ್ಪನ ಕುಡಿತದಲ್ಲಿ ಅರ್ಧ ಆಯುಷ್ಯ ಬೆಂದವಳು, ಅಪ್ಪ ತೀರಿದ ಮೇಲೂ ಆ ವಾಸನೆಗೆ ಸೆರಗಿನಿಂದ ಮೂಗು ಮುಚ್ಚುವವಳು. ತಿಳಿದರೆ ನಮ್ಮ ಮನೆಯ ನೀರನ್ನೂ ಮುಟ್ಟಲಾರಳೆಂದು ಹೆದರಿದೆ. ದೇವರನ್ನು ಮತ್ತೆ ಫ್ರಿಜ್ಜಿನ ಮೇಲೆ ಏರಿಸಲು ಮಾತ್ರ ಮನಸ್ಸು ಒಪ್ಪಲಿಲ್ಲ. “ಬಾಯಿ ಬಿಟ್ರೆ ಜಾಗ್ರತೆ” ಎಂದು ಗಂಡನಿಗೆ ಗದರಿದೆ.

ಅಮ್ಮ ಬಂದ ಮರುದಿನ ಮಿಂದು ದೀಪ ಹಚ್ಚಿದಳು. ಕೈಮುಗಿದು ಕಣ್ಣು ಬಿಟ್ಟವಳು, ಮುಂದಿನ ಹಲಗೆಯ ಅಂಚಿನ ಬೀಗದ ತೂತನ್ನು ಮುಟ್ಟಿ ನೋಡಿದಳು.

“ದೇವರಿಗೆ ಯಾರು ಮಗಾ ಬೀಗ ಹಾಕುವುದು?”

ಅವಳ ಬೆರಳು ಕಪ್ಪು ಹಲಗೆಯಲ್ಲಿ ಉಳಿದಿದ್ದ ಲೋಟದಡಿಯ ಮಾಸಲು ಉಂಗುರಗಳ ಮೇಲೆ ಓಡಿತು. ಅಂಥ ಗುರುತುಗಳನ್ನು ಒರೆಸಿಯೇ ಅವಳ ಕೈ ಸವೆದಿತ್ತು.

“ಇದು ಬಾಟ್ಲಿ ಇಡುವುದಲ್ವಾ?”

ಎಲ್ಲ ಹೇಳಿದೆ. ಬೇಕಾದರೆ ಇವತ್ತೇ ಕೊಟ್ಟುಬಿಡುತ್ತೇನೆಂದೂ ಹೇಳಿದೆ.

ಅಮ್ಮ ಬತ್ತಿ ಸರಿಮಾಡಿದಳು. “ನಿನ್ನ ಅಪ್ಪ ಬಾಟ್ಲಿ ಅಡಗಿಸ್ತಿದ್ದದ್ದು ಎಲ್ಲಿ, ಗೊತ್ತುಂಟಾ? ದೇವರ ಪಟದ ಹಿಂದೆ. ಅಲ್ಲಿ ಯಾರೂ ಹುಡುಕುವುದಿಲ್ಲ ಅಂತ.” ಬೆರಳಿನ ಎಣ್ಣೆಯನ್ನು ತಲೆಗೆ ಒರೆಸಿಕೊಂಡು ಹೇಳಿದಳು, “ಅಷ್ಟು ವರ್ಷ ದೇವರು ಬಾಟ್ಲಿಗೆ ಜಾಗ ಕೊಟ್ಟಾಯ್ತು. ಈಗ ಬಾಟ್ಲಿ ತನ್ನ ಜಾಗ ದೇವರಿಗೆ ಕೊಡ್ಲಿ.”

ಎಳ್ಳೆಣ್ಣೆ ಬಾಟ್ಲಿಯ ಮುಚ್ಚಳ ಬಿಗಿದು, ಅದರ ತೂತಿಗೆ ಇಳಿಸಿದಳು.