ನಮ್ಮ ಮನೆಗಾಡಿಯ ಬಿಸಿನೀರು

ನಲ್ಲಿ ತಿರುಗಿಸಿದ ಕೂಡಲೇ ಮೊದಲ ಬೊಗಸೆ ನೀರನ್ನು ಮೂಸಿ ನೋಡುವ ಚಾಳಿಯೊಂದು ಈಚೆಗೆ ನನಗೆ ಅಂಟಿಕೊಂಡಿದೆ. ನೆಂಟರ ಮನೆಗೆ ಹೋದರೂ ಅಷ್ಟೇ. ಬಚ್ಚಲಿನ ಬಾಗಿಲು ಹಾಕಿಕೊಂಡು, ಅಂಗೈಯನ್ನು ಮೂಗಿನ ಹತ್ತಿರ ಒಯ್ದು, ಸಮಾಧಾನವಾದ ಮೇಲೆಯೇ ಮುಖ ತೊಳೆಯುವುದು. ನೀವು ನಗಬಹುದು, ನಗಿರಿ. ಆದರೆ ಈ ಚಾಳಿ ಎಲ್ಲಿ ಹುಟ್ಟಿತೆಂದು ಹೇಳಿಬಿಡುತ್ತೇನೆ, ಆಮೇಲೆ ನಗುವುದೋ ಬಿಡುವುದೋ ನಿಮಗೆ ಸೇರಿದ್ದು.

ನಮ್ಮ ಯಜಮಾನರು ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದ ವರ್ಷ ಒಂದು ಹಳೆಯ ಟೆಂಪೊ ಕೊಂಡು, ಅದಕ್ಕೆ ಹೊಸ ಬಾಡಿ ಕಟ್ಟಿಸಿ, ಒಳಗೆ ಮಂಚ, ಒಲೆ, ಪುಟ್ಟದೊಂದು ಬಚ್ಚಲು, ಬಚ್ಚಲಿಗೆ ಗೀಸರ್ ಎಲ್ಲ ಕೂಡಿಸಿ, ಕ್ಯಾಂಪರ್ ಎಂದು ಹೆಸರಿಟ್ಟು ಮೂಡಲಗಿಗೆ ತಂದು ನಿಲ್ಲಿಸಿದರು. ಅದು ಆಂಬುಲೆನ್ಸೋ ಐಸ್‌ಕ್ರೀಮ್ ಗಾಡಿಯೋ ಎಂದು ಕೆಲವು ದಿನ ತಲೆ ಕೆಡಿಸಿಕೊಂಡ ಊರವರು ಕೊನೆಗೆ ‘ಮನಿಗಾಡಿ’ ಎಂದು ಮರುನಾಮಕರಣ ಮಾಡಿದರು. ಅದರಲ್ಲಿ ದೇಶವನ್ನೆಲ್ಲ ಸುತ್ತುವುದೆಂದು ನಿಶ್ಚಯವಾಗಿತ್ತು. ಸುತ್ತಿದ್ದು ಒಮ್ಮೆ ಕೊಂಕಣದ ಕಡಲಿನವರೆಗೆ. ಆಮೇಲೆ ಮಗಳ ಬಾಣಂತನ, ಅವರ ಸೊಂಟನೋವು, ನನ್ನ ಮುನಿಸು, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ನೆಪ ಬಂದು, ಗಾಡಿ ಬೇವಿನ ಗಿಡದ ನೆರಳಿಗೆ ನಿಂತೇಬಿಟ್ಟಿತು. ಬೆಕ್ಕೊಂದು ಅದರಡಿಯಲ್ಲಿ ಮರಿ ಹಾಕಿದಾಗ, ಮನಿಗಾಡಿಯಲ್ಲಿ ಸಂಸಾರ ಹೂಡಿದ ಪುಣ್ಯವಂತರು ಇವರೇ ಎಂದು ನಾನು ಚುಚ್ಚಿದ್ದುಂಟು.

ಬಾಜೂ ಮನೆಯ, ಅತ್ತಿಗೆಯ ಸಲಿಗೆಯಲ್ಲಿ ನಾವು ವೈನಿ ಎಂದು ಕರೆಯುವ ಚಂಪಾ ಅವರಿಗೆ ಆ ಗಾಡಿ ಬೇಕಾಗಿ ಬಂತು. ವೈನಿಯವರದು ಬೆಲ್ಲದ ವ್ಯಾಪಾರದ ಜೈನ ಮನೆತನ. ಅವರ ಬೆನ್ನಿಗೆ ಹುಟ್ಟಿದ ತಂಗಿ ಎಷ್ಟೋ ವರ್ಷಗಳ ಹಿಂದೆ ದೀಕ್ಷೆ ತೊಟ್ಟು ಮಾತಾಜಿಯಾದವರು. ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಬರಿಗಾಲಿನ ನಡಿಗೆ. ದಿನಕ್ಕೊಂದೇ ಊಟ, ನೀರೂ ಆ ಊಟದ ಹೊತ್ತಿಗೇ, ಅದೂ ಬೊಗಸೆಯಲ್ಲಿ. ಮಳೆಗಾಲದಲ್ಲಿ ಒಂದೂರಲ್ಲಿ ನಿಂತು, ದೀಪಾವಳಿ ಕಳೆದ ಮೇಲೆ ಮತ್ತೆ ನಡೆಯಲು ತೊಡಗುತ್ತಾರೆ. ಆ ಸಲ ಅವರ ದಾರಿ ಗೋಕಾಕದಿಂದ ಹುಕ್ಕೇರಿ ಹಾದು ಯಮಕನಮರಡಿಯ ಕಡೆಗೆ ಎಂಬ ಸುದ್ದಿ ಬಂತು. ನಡುವೆ ಒಂದು ದಿನ ಕಬ್ಬಿನ ತೋಟದ ಮನೆಯೊಂದರಲ್ಲಿ ತಂಗಬೇಕು. ಸುತ್ತ ಜೈನರ ಮನೆ ಇಲ್ಲ. ಯಾರಾದರೂ ಮುಂಚೆ ಹೋಗಿ ಅಡುಗೆ ಮಾಡಿ ಆಹಾರ ನೀಡಬೇಕು. ವೈನಿ ಆ ದಿನವನ್ನು ಬೇಡಿ ಪಡೆದುಕೊಂಡರು. ದೀಕ್ಷೆಯಾದಂದಿನಿಂದ ತಂಗಿಗೆ ಅವರ ಕೈತುತ್ತು ಸಂದಿರಲಿಲ್ಲ. ಪ್ರತಿ ಸಲವೂ ಒಂದೋ ವೈನಿಗೆ ಜಡ್ಡು, ಇಲ್ಲವೇ ಮಾತಾಜಿಯ ಪಾದ ಬೇರೆ ಯಾರದೋ ಬಾಗಿಲಲ್ಲಿ ನಿಂತಿರುತ್ತಿತ್ತು.

“ಸುಮಾ, ನನಗೂ ವಯಸ್ಸಾತು. ಒಮ್ಮೆರೆ ಕೈಯಾರೆ ನೀಡಬೇಕವಾ,” ಎಂದರು ನನ್ನ ಹತ್ತಿರ.

ನೀಡುವುದೆಂದರೆ ನಮ್ಮ ನಿಮ್ಮ ಹಾಗೆ ತಾಟು ಹಾಕಿ ಬಡಿಸುವುದಲ್ಲ. ಬೆಳಗಾಗುವುದರೊಳಗೆ ಮಿಂದು, ಮಡಿಯುಟ್ಟು, ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುದಿಸಿ, ಅಡುಗೆ ಮಾಡಿ, ಮಾತಾಜಿ ಎದುರು ಬಂದಾಗ ಬಾಯಿಬಿಟ್ಟು ಹೇಳಬೇಕು: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರವೂ ಜಲವೂ ಶುದ್ಧ. ಊಟದಲ್ಲಿ ಒಂದು ಕೂದಲೆಳೆ ಸಿಕ್ಕರೂ ಮಾತಾಜಿ ಕೈಬಿಟ್ಟು ಎದ್ದುಬಿಡುತ್ತಾರೆ, ಮರುದಿನದವರೆಗೆ ಹನಿ ನೀರೂ ಇಲ್ಲ. ಇನ್ನು ವೈನಿಗೋ, ತಣ್ಣೀರು ಮೈಗೆ ಸೋಕಿದರೆ ದಮ್ಮು ಏಳುತ್ತದೆ. ಚಳಿಗಾಲದ ಮುಂಜಾನೆ, ತೋಟದ ಬಯಲು, ಜಳಕಕ್ಕೆ ಬಿಸಿನೀರೆಲ್ಲಿ? ನಮ್ಮ ಗೀಸರಿನ ಜನ್ಮ ಸಾರ್ಥಕವಾಗುವ ಗಳಿಗೆ ಬಂತೆಂದು ನಮ್ಮವರು ಎದೆಯುಬ್ಬಿಸಿದರು.

ಹೊರಡುವ ಮುನ್ನಾದಿನ ಗೀಸರ್ ಹಚ್ಚಿ, ವೈನಿಯನ್ನು ಕರೆದು, ನಲ್ಲಿ ತಿರುಗಿಸಿದರು. ಬಂತು ನೋಡಿ ವಾಸನೆ! ತಣ್ಣೀರಿನ ನಲ್ಲಿ ನಿರ್ಮಲ. ಬಿಸಿನೀರಿನದು ಮಾತ್ರ ಮೂಗು ಕಿತ್ತಿಡುವಂತೆ. ಮೂವರೂ ಸೆರಗು, ಟವೆಲು ಮೂಗಿಗೆ ಹಿಡಿದು ಹೊರಗೆ ಬಂದೆವು. ತಮಾಷೆಯೆಂದರೆ ಅದು ಯಾತರ ವಾಸನೆಯೆಂದು ಹೇಳಲು ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಗಟಾರದ್ದು ಎಂದೆ ನಾನು. ಸುಟ್ಟ ಪಟಾಕಿಯದು ಎಂದರು ವೈನಿ. ನಮ್ಮವರು ಮೊಬೈಲಿನಲ್ಲಿ ಹುಡುಕಿ, ಓದಿ, ಅದನ್ನು ಜೇಬಿಗಿಳಿಸಿಬಿಟ್ಟರು. ಒತ್ತಾಯ ಮಾಡಿದ ಮೇಲೆ, ವೈನಿಯ ಕಡೆ ನೋಡದೆ, “ಕೊಳತ ತತ್ತಿ ವಾಸನಿ ಅಂತ ಬರದಾರರಿ,” ಎಂದರು. ನಮ್ಮದು ಲಿಂಗಾಯತರ ಮನೆ, ಅವರದು ಜೈನರದು. ತತ್ತಿ ಒಡೆದು ಗೊತ್ತಿಲ್ಲದ ಮೂರು ಮೂಗುಗಳು ಆ ಮಾತನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಯಿತು.

ಕಾರಣವನ್ನೂ ಅವರೇ ಪಾಠದ ಧಾಟಿಯಲ್ಲಿ ಹೇಳಿದರು. ಗೀಸರಿನ ಹೊಟ್ಟೆಯೊಳಗೆ ಒಂದು ಲೋಹದ ಕಡ್ಡಿ ಇರುತ್ತದೆ. ನೀರು ತೊಟ್ಟಿಯನ್ನು ತಿನ್ನದಿರಲೆಂದು ತಾನೇ ನೀರಿಗೆ ತುತ್ತಾಗಿ ಸವೆಯುವುದು ಅದರ ಕೆಲಸ. ಕೊಂಕಣದಿಂದ ಬಂದಾಗಿನ ನೀರು ಒಳಗೇ ನಿಂತುಬಿಟ್ಟಿದೆ. ನಿಂತ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಹುಟ್ಟಿವೆ. ಆ ಕಡ್ಡಿಯ ಆಸರೆಯಲ್ಲಿ ಅವು ಬದುಕು ಮಾಡಿಕೊಂಡದ್ದರ ಫಲ ಈ ನಾತ.

“ಬ್ಲೀಚಿಂಗ್ ಪೌಡರ್ ಹಾಕಿದರ ಒಂದ ತಾಸಿನಾಗ ಎಲ್ಲಾ ಸಾಯ್ತಾವರಿ, ವೈನಿ,” ಎಂದು ಪಾಠ ಮುಗಿಸಿದರು.

ವೈನಿಯ ಮುಖ ಇಳಿಯಿತು. “ಸಾಯ್ತಾವ? ಮಾತಾಜಿಗೆ ಆಹಾರ ಕೊಡಾಕ ಹೊಂಟು, ನನ್ನ ಮೂಗಿನ ಸಲುವಾಗಿ ಅವನ್ನ ಕೊಂದು ಹೋಗ್ಲ್ಯಾ, ಮಾಸ್ತರ?”

ನಾನು ಬಾಯಿಬಡುಕಿ, ಸುಮ್ಮನಿರಲಾರದೆ ಕೇಳಿಯೇಬಿಟ್ಟೆ: “ದಿನಾ ನೀರು ಕುದಸ್ತೀರಲ್ಲರಿ, ಅದರಾಗ ಏನೂ ಸಾಯಂಗಿಲ್ಲೇನು?”

ಅವರು ಸಿಟ್ಟಾಗಲಿಲ್ಲ. “ಸಾಯ್ತಿರಬೇಕವಾ. ಬದುಕಿದ ಮ್ಯಾಲ ಪಾಪ ಆಗೂದ. ಎಷ್ಟು ಕಡಿಮಿ ಆಗತೈತಿ ಅಂತ ನೋಡೂದಷ್ಟ ನಮ್ಮ ಕೈಯಾಗ. ಅವನ್ನ ಹೊರಗ ಬಿಡ್ರಿ, ಹಸಿ ನೆಲದಾಗ ಹೋಗ್ಲಿ. ಕೊಲ್ಲಬ್ಯಾಡ್ರಿ.”

ಅಹಿಂಸೆಯ ಬಗ್ಗೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ನಾರುವ ನೀರಿನ ಪರವಾಗಿ ಯಾರಾದರೂ ವಕಾಲತ್ತು ವಹಿಸಿದ್ದನ್ನು ಕೇಳಿದ್ದು ಅದೇ ಮೊದಲು. ನಗು ಬರಬೇಕಾಗಿತ್ತು, ಬರಲಿಲ್ಲ. ನಮ್ಮವರು ತೊಟ್ಟಿಯ ಅಡಿಯ ಬಿರಡೆ ಬಿಚ್ಚಿ ನೀರನ್ನೆಲ್ಲ ಬಾಳೆಗಿಡದ ಬುಡಕ್ಕೆ ಬಿಟ್ಟರು. ಸ್ಪ್ಯಾನರ್ ಹಾಕಿ ತಿರುವಿ ಆ ಕಡ್ಡಿಯನ್ನೂ ಹೊರಗೆಳೆದರು. ಸವೆದು ಸವೆದು ಅದು ಒಣಗಿದ ಗಿಡದ ಬೇರಿನಂತಾಗಿತ್ತು. ವೈನಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಒಬ್ಬರು ಒಳಗೇ ಸವೆಯುತ್ತಿರುವುದರಿಂದ ಉಳಿದವರೆಲ್ಲ ಗಟ್ಟಿಯಾಗಿರುವ ಮನೆಗಳು ನಿಮಗೂ ಗೊತ್ತಿರಬಹುದು. ತಂಗಿ ಮನೆಬಿಟ್ಟ ಮೇಲೆ ತಾಯಿತಂದೆಯರ ಜಡ್ಡು, ಸಾವು, ತಮ್ಮಂದಿರ ಲಗ್ನ ಎಲ್ಲವನ್ನೂ ಹೊತ್ತವರು ಈ ವೈನಿಯೇ. ತಂಗಿಯ ತ್ಯಾಗಕ್ಕೆ ಊರು ಮೆರವಣಿಗೆ ಮಾಡಿತು, ಇವರದಕ್ಕೆ ಹೆಸರಿರಲಿಲ್ಲ. ಆದರೆ ಅವರು ಆಗ ಆಡಿದ್ದು ಇಷ್ಟೇ: “ಪಾಪ, ಇದರದೇನು ತಪ್ಪೈತಿ.”

ಕಡ್ಡಿಯ ತೂತಿಗೆ ಬೋಲ್ಟು ಜಡಿದು, ಸೋಸಿದ ಬಾವಿನೀರನ್ನು ತುಂಬಿ ಚೆಲ್ಲಿ, ಮತ್ತೆ ತುಂಬಿ ಚೆಲ್ಲಿ ತೊಟ್ಟಿಯನ್ನು ತೊಳೆದೆವು. ಆಮೇಲೆ ಗೋಕಾಕ ದಾಟಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ, ಸಂಜೆಗೆ ಆ ತೋಟದ ಮನೆ ಮುಟ್ಟಿದೆವು. ಮರುದಿನ ಬೆಳ್ಳಂಬೆಳಗ್ಗೆ ಗೀಸರ್ ಹಚ್ಚಿ ನಲ್ಲಿ ತಿರುಗಿಸಿದಾಗ ನಾನು ಮೂಸಿದೆ, ನಮ್ಮವರು ಮೂಸಿದರು. ಹೌದೋ ಅಲ್ಲವೋ ಎನ್ನುವಷ್ಟು, ಎಲ್ಲೋ ಒಂದು ಎಳೆ ಉಳಿದಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಏನೂ ಇಲ್ಲರಿ, ವೈನಿ, ಭೇಷ್ ಐತಿ,” ಎಂದೆವು.

ವೈನಿ ಬೊಗಸೆಯೊಡ್ಡಿ, ಮೂಸಿ, ನೀರನ್ನು ಮೆಲ್ಲಗೆ ಕೆಳಗೆ ಬಿಟ್ಟರು. “ಐತಿ, ಸುಮಾ. ಇದರಾಗ ಮಿಂದು ಕಾಯಶುದ್ಧಿ ಅಂತ ಹ್ಯಾಂಗ ಹೇಳ್ಲಿ? ಹೇಳಿದ್ನೆಂದರ ವಚನಶುದ್ಧೀನೂ ಹೋತು.”

ಒಂದು ಕೊಡ ಬಾವಿನೀರು ಕಾಸಿಕೊಡುತ್ತೇನೆಂದೆ. ಇದ್ದ ಒಂದೇ ಒಲೆ ಮಡಿಯ ಅಡುಗೆಗೆ ಮೀಸಲು, ಹೊತ್ತೂ ಮೀರುತ್ತಿತ್ತು. ನೋಡುನೋಡುತ್ತಿದ್ದಂತೆ ಅವರು ಬಾವಿಯ ಬದಿಗೆ ನಡೆದು, ಸೀರೆ ಮರೆ ಕಟ್ಟಿಕೊಂಡು, ಆ ಚಳಿಯಲ್ಲಿ ತಣ್ಣೀರನ್ನೇ ಸುರಿದುಕೊಂಡರು. ಮರೆಯ ಈಚೆ ನಿಂತ ನನಗೆ ಅವರ ಹಲ್ಲು ಕಟಕಟಿಸುವುದು ಕೇಳಿಸುತ್ತಿತ್ತು. ಆಗ ನಾನು ಅತ್ತೆನೆಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮಾತಾಜಿ ಬಂದರು. ಪಡಸಾಲೆಯ ಮುಂದೆ ವೈನಿ ಕಳಶ ಹಿಡಿದು ನಿಂತು, ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ತಂಗಿಗೆ ಬಗ್ಗಿ ವಂದಿಸಿ, ಆ ಮಾತನ್ನು ಹೇಳಿದರು. ಒಂದೊಂದು ಶುದ್ಧಿಯನ್ನೂ ಬಿಡಿಬಿಡಿಯಾಗಿ, ದನಿ ನಡುಗದಂತೆ. ಮಾತಾಜಿ ಕೂತರು, ಬೊಗಸೆಯೊಡ್ಡಿದರು. ಅನ್ನ, ಬೇಳೆ, ಹಾಲು, ಕೊನೆಗೆ ಕಾಸಿ ಆರಿಸಿದ ನೀರು. ದೂರದಲ್ಲಿ ಕೂತಿದ್ದ ನಾನು ಕೂದಲು, ಇರುವೆ, ಏನೂ ಬಾರದಿರಲೆಂದು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಏನೂ ಬರಲಿಲ್ಲ. ನೀರು ಪೂರ್ತಿ ಇಳಿಯಿತು. ಮಾತಾಜಿ ಕೈತೊಳೆದು, ಮೌನ ಮುರಿದು, ಎದ್ದು ಹೊರಡುವವರು ಒಂದು ಕ್ಷಣ ನಿಂತರು. ಅಕ್ಕನೆಂದು ಕರೆಯುವಂತಿಲ್ಲ, ಆ ಬಂಧ ಹರಿದುಕೊಂಡು ಎಷ್ಟೋ ಕಾಲವಾಗಿದೆ.

“ನೀರು ಹಾಕುವಾಗ ಕೈ ಯಾಕ ನಡಗತಿತ್ತು? ತಣ್ಣೀರಿನ ಜಳಕ ಮಾಡೀರೇನು?”

“ಹೌದ್ರಿ, ಮಾತಾಜಿ.”

“ದಮ್ಮಿನವರು, ಹಂಗ ಮಾಡಬಾರದು. ಇನ್ನ ಮ್ಯಾಲ ಬಿಸಿನೀರಾಗ ಮೀಯ್ರಿ,” ಎಂದು ಪಿಂಛಿಯೆತ್ತಿ ಹರಸಿ ನಡೆದರು. ದಮ್ಮಿನ ಸುದ್ದಿಯನ್ನು ಅಲ್ಲಿ ಯಾರೂ ಎತ್ತಿರಲಿಲ್ಲ.

ಅಂದಿನಿಂದ ನಮ್ಮ ಗಾಡಿ ಬೇವಿನ ನೆರಳಿನಲ್ಲಿ ಬೇರೂರಿಲ್ಲ. ನಮ್ಮವರು ಬೇರೆ ಲೋಹದ ಹೊಸ ಕಡ್ಡಿ ಹಾಕಿಸಿದ್ದಾರೆ. ನಾಗನೂರಿನ ಬೀಗರ ಮನೆಗಾದರೂ ಸರಿ, ಆಗಾಗ ಗಾಡಿ ಹೊರಡುತ್ತದೆ, ತೊಟ್ಟಿಯ ನೀರು ಬದಲಾಗುತ್ತದೆ, ನಾತ ತಾನಾಗಿಯೇ ಹೋಗಿದೆ. ನಾನು ಮಾತ್ರ ಇನ್ನೂ ಮೂಸುತ್ತೇನೆ. ಆ ಮುಂಜಾನೆ ‘ಏನೂ ಇಲ್ಲರಿ’ ಎಂದ ಬಾಯಿ ನನ್ನದೇ ಅಲ್ಲವೇ, ಅದಕ್ಕೊಂದು ಕಾವಲು ಬೇಕು. ಹೋದ ವಾರ ನಮ್ಮ ಜೊತೆ ಬಂದಿದ್ದ ವೈನಿಗೆ ಒಂದು ಬಕೀಟು ತುಂಬಿಸಿ, ಅಂಗೈ ಮೂಸಿ, ಖರೇನ ಏನೂ ಇಲ್ಲವೆಂದು ಹೇಳಿ, ಬಿಸಿ ಹೆಚ್ಚಾಯಿತೇನೋ, ತುಸು ತಣ್ಣೀರು ಬೆರೆಸಲೇ ಎಂದು ಕೇಳಿದೆ.

“ಬ್ಯಾಡ, ಬ್ಯಾಡ,” ಎಂದು ಬಕೀಟಿಗೆ ಕೈ ಅಡ್ಡ ಹಿಡಿದರು ವೈನಿ. “ಬಿಸಿನೀರಾಗ ಮೀಯ್ರಿ ಅಂದಾಳ ನಮ್ಮ ತಂಗಿ.”