ಅತ್ತೆಯ ಕಾಲಡಿಯ ನೀರು

ಅಪ್ಪ ಓಡಿಸಿ ಓಡಿಸಿ ನನಗೆ ಕೊಟ್ಟ ಹಳೆಯ ಡೀಸೆಲ್ ಕಾರು ಆ ವರ್ಷ ನೀರು ಕುಡಿಯಲು ಶುರುಮಾಡಿತ್ತು. ಇಂಜಿನ್ ತಣ್ಣಗಿಡಲು ರೇಡಿಯೇಟರಿಗೆ ಹಾಕಿದ ಹಸಿರು ಕೂಲಂಟು ಎಲ್ಲಿ ಹೋಗುತ್ತಿತ್ತೋ ದೇವರಿಗೇ ಗೊತ್ತು. ಏಕಸಂಬಿಯ ನಮ್ಮ ಅಂಗಳದಲ್ಲಿ ಗಾಡಿ ನಿಂತ ಜಾಗವನ್ನು ಬಗ್ಗಿ ಬಗ್ಗಿ ನೋಡಿದರೆ ಒಂದು ಹನಿಯೂ ಕಾಣುತ್ತಿರಲಿಲ್ಲ. ಬಾನೆಟ್ ಎತ್ತಿದರೆ ಮಾತ್ರ ಕೂಲಂಟಿನ ಡಬ್ಬಿ ಖಾಲಿ! ಸಲಸಲಕ್ಕೂ ಅಂಗಡಿಗೆ ಹೋಗುವುದು ಸಾಕಾಗಿ, 'ಹಾಳಾಗಿ ಹೋಗು' ಎಂದು ಬೈದು ಬೋರಿನ ನೀರನ್ನೇ ಸುರಿಯುತ್ತಿದ್ದೆ. ಗಂಡ ಸ್ಟಿಯರಿಂಗ್ ಮುಟ್ಟುವವನಲ್ಲ. ಹಾಗಾಗಿ ಮನೆಯ ಡ್ರೈವರೂ ನಾನೇ, ಗಾಡಿಯ ರೋಗಕ್ಕೆ ಓಡಾಡುವವಳೂ ನಾನೇ.

ಚಿಕ್ಕೋಡಿಯ ಮಿಸ್ತ್ರಿ ಪೈಪು ಬದಲಿಸಿದ, ಕ್ಲಿಪ್ಪು ಬಿಗಿದ, ವಾಟರ್ ಪಂಪು ಬಿಚ್ಚಿ ನೋಡಿದ. ಕೊನೆಗೆ ತಲೆ ಕೆರೆದುಕೊಂಡ.

'ಅಕ್ಕಾರ, ಹೊರಗ ಎಲ್ಲೂ ಸೋರಾಕತ್ತಿಲ್ರಿ. ಇಂಜಿನ್ನ ಒಳಗ ಕುಡ್ಯಾಕತ್ತೈತಿ. ಹೆಡ್ ಬಿಚ್ಚಬೇಕಾಗತೈತಿ.'

'ಬಿಚ್ಚೂದು ಆಮ್ಯಾಲ. ಮದಲ ಎಲ್ಲಿ ಸೋರತೈತಿ ಅಂತ ಹುಡುಕ್ರಿ!' ಎಂದು ಚೀರಿದೆ. ಹೈಸ್ಕೂಲಿನಲ್ಲಿ ದಿನವಿಡೀ ಗಣಿತ ಕಲಿಸುವವಳ ಗಂಟಲು, ಕೇಳಬೇಕೆ? ಪಕ್ಕದ ಚಹಾದಂಗಡಿಯವರೆಲ್ಲ ತಿರುಗಿ ನೋಡಿದರು. ನನ್ನ ತಲೆ ಮೊಸರುಗಡಿಗೆಯಾಗಿತ್ತು.

ಯಾಕೆಂದರೆ ಆ ಗಾಡಿ ಬೇಕಾಗಿದ್ದುದು ಅತ್ತೆಗೆ. ಅವರ ಅಕ್ಕ ದಿಗ್ಗೇವಾಡಿಯಲ್ಲಿ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು, ಮಾತೂ ನಿಂತುಹೋಗಿತ್ತು. ರವಿವಾರ ಬಂತೆಂದರೆ ಅತ್ತೆ ನನಗಿಂತ ಮೊದಲೇ ಮುಂದಿನ ಸೀಟಿನಲ್ಲಿ ಹೋಗಿ ಕೂತಿರುತ್ತಿದ್ದರು. ಅಲ್ಲಿ ಅಕ್ಕನನ್ನು ಎಬ್ಬಿಸಿ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ಬಾಚುತ್ತಾ ವಾರದ ಸುದ್ದಿಯನ್ನೆಲ್ಲ ಒಬ್ಬರೇ ಹೇಳುತ್ತಿದ್ದರು. ಬೇರೆ ಯಾರಾದರೂ ಬಾಚಣಿಗೆ ಹಿಡಿದರೆ ಆ ಅಕ್ಕ ಮುಖ ತಿರುಗಿಸಿಬಿಡುತ್ತಿದ್ದರು.

ಒಂದು ರವಿವಾರ ಅಲ್ಲಿಂದ ಬಂದು ಅತ್ತೆಯನ್ನು ಕೈಹಿಡಿದು ಇಳಿಸುವಾಗ ನೋಡಿದೆ, ಅವರ ಸೀರೆಯ ಅಂಚು ತೊಯ್ದಿತ್ತು. ಕಾಲ ಕೆಳಗಿನ ಮ್ಯಾಟಿನ ಮೇಲೆ ತಿಳಿ ಹಳದಿ ನೀರು ನಿಂತಿತ್ತು. ಅತ್ತೆಯೂ ಅದನ್ನು ನೋಡಿದರು. ಅವರಿಗೆ ಸಕ್ಕರೆ ಕಾಯಿಲೆ, ಬಚ್ಚಲಿಗೆ ಮೇಲಿಂದ ಮೇಲೆ ಹೋಗಬೇಕು. ಪಾದಗಳು ಮರಗಟ್ಟಿದ್ದರಿಂದ ಹಸಿಯೋ ಒಣವೋ ತಿಳಿಯುತ್ತಲೂ ಇರಲಿಲ್ಲ. ನಾನು ಏನು ತಿಳಿದುಕೊಂಡೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಯ್ಯೋ ಪಾಪ ಅನ್ನಿಸಿತು. ಅವರು ಒಳಗೆ ಹೋದ ಮೇಲೆ ಸದ್ದಿಲ್ಲದೆ ಮ್ಯಾಟು ತೊಳೆದು ಹಾಕಿದೆ.

ಮುಂದಿನ ವಾರವೂ ಹಾಗೇ ಆಯಿತು. ಅದರ ಮುಂದಿನ ವಾರ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ದಪ್ಪ ಟವೆಲ್ ಹಾಕಿದೆ.

'ಸೀಟು ಭಾಳ ಕಾದಿರತೈತ್ರಿ ಅತ್ತಿ, ಅದಕ್ಕ,' ಎಂದೆ.

ಅವರು ಟವೆಲ್ ನೋಡಿದರು, ನನ್ನ ಮುಖ ನೋಡಿದರು, ಸುಮ್ಮನೆ ಹತ್ತಿ ಕೂತರು. ಆಮೇಲಿಂದ ಶನಿವಾರ ಸಂಜೆಯೇ ನೀರು ಕುಡಿಯುವುದನ್ನು ನಿಲ್ಲಿಸತೊಡಗಿದರು. ತುಟಿ ಒಣಗಿ ಬಿರಿಯುತ್ತಿದ್ದರೂ ಲೋಟ ಮುಟ್ಟುತ್ತಿರಲಿಲ್ಲ. ಕೊನೆಗೊಂದು ರವಿವಾರ, 'ಮೊಣಕಾಲು ಭಾಳ ನೋಯಾಕತ್ತಾವು, ನೀನ ಹೋಗಿ ಬಾ ತಂಗಿ' ಎಂದು ಒಳಗೇ ಕೂತುಬಿಟ್ಟರು. ಆಮೇಲೆ ಮೊಣಕಾಲಿನ ನೋವು ರವಿವಾರಕ್ಕೆ ಸರಿಯಾಗಿ ಬರತೊಡಗಿತು. ಅವರಿಲ್ಲದೆ ನಾನೂ ಹೋಗಲಿಲ್ಲ. 'ವಯಸ್ಸಾತು, ಏನ್ ಮಾಡೂದು' ಎಂದ ನನ್ನ ಗಂಡ. ಅತ್ತ ದಿಗ್ಗೇವಾಡಿಯಲ್ಲಿ ಆ ಅಕ್ಕನ ತಲೆ ಜಡೆಗಟ್ಟುತ್ತಿತ್ತಂತೆ. ಇಬ್ಬರಲ್ಲಿ ಯಾರು ಮೊದಲು ಹೋದರೂ ಇನ್ನೊಬ್ಬರ ಮುಖ ನೋಡದೆಯೇ ಹೋಗುತ್ತಾರಲ್ಲ ಎಂದುಕೊಳ್ಳುತ್ತಿದ್ದೆ.

ಒಮ್ಮೆ ಅತ್ತೆ ಅಕ್ಕನಿಗೆಂದು ಶೇಂಗಾ ಹೋಳಿಗೆ ಮಾಡಿ ರಟ್ಟಿನ ಡಬ್ಬದಲ್ಲಿ ತುಂಬಿ ಕೊಟ್ಟರು. ಸೀಟಿನ ಮೇಲಿಟ್ಟರೆ ಉರುಳೀತೆಂದು ಮುಂದೆ ಕೆಳಗಡೆ, ಅತ್ತೆ ಕಾಲಿಡುತ್ತಿದ್ದ ಜಾಗದಲ್ಲಿ ಇಟ್ಟುಕೊಂಡು ನಾನೊಬ್ಬಳೇ ಹೊರಟೆ. ದಿಗ್ಗೇವಾಡಿ ಮುಟ್ಟಿ ಡಬ್ಬ ಎತ್ತಿದ್ದೇ ತಡ, ತಳ ಕಳಚಿ ಹೋಳಿಗೆಗಳೆಲ್ಲ ಧೂಳಿಗೆ ಬಿದ್ದವು. ರಟ್ಟು ನೆಂದು ಮುದ್ದೆಯಾಗಿತ್ತು. ಮ್ಯಾಟಿನ ಮೇಲೆ ಅದೇ ತಿಳಿ ಹಳದಿ ನೀರು. ಎಲಾ ಇದರ! ಏಕಸಂಬಿಯಿಂದ ಇಲ್ಲಿಯವರೆಗೆ ಆ ಸೀಟಿನಲ್ಲಿ ನರಪಿಳ್ಳೆಯೂ ಕೂತಿರಲಿಲ್ಲ.

ಬೆರಳು ಅದ್ದಿ ನೋಡಿದೆ, ಜಾರುತ್ತಿತ್ತು. ಮೂಸಿದರೆ ಏನೋ ಸಿಹಿ ವಾಸನೆ. ಡ್ಯಾಶ್‌ಬೋರ್ಡಿನ ಕೆಳಗೆ ಕೈಯಾಡಿಸಿದರೆ ಅಂಗೈ ಮೇಲೆ ಬಿಸಿ ಹನಿಯೊಂದು ಬಿತ್ತು. ನಾನು ಸುರಿದಿದ್ದ ಬೋರಿನ ನೀರಿನಲ್ಲಿ ಹಸಿರು ಕೂಲಂಟು ತೆಳ್ಳಗಾಗಿ ಆ ಬಣ್ಣಕ್ಕೆ ತಿರುಗಿತ್ತು. ಸಿಟ್ಟು ಬಂತೋ ಅಳು ಬಂತೋ ಹೇಳಲಾರೆ, ಎರಡೂ ಒಟ್ಟಿಗೇ ಬಂದವು. ಇಂಜಿನ್ ಆರಿದ ಮೇಲೆ ನೀರು ತುಂಬಿಸಿಕೊಂಡು ಸೀದಾ ಚಿಕ್ಕೋಡಿಗೆ ಬಂದೆ.

ಮಿಸ್ತ್ರಿ ಡ್ಯಾಶ್‌ಬೋರ್ಡು ಬಿಚ್ಚಿ ಹಣೆ ಬಡಿದುಕೊಂಡ. 'ಹೀಟರ್ ರೀ ಅಕ್ಕಾರ! ಇಂಜಿನ್ನಿನ ಬಿಸಿನೀರು ಇದರಾಗ ಹಾದು ಹೋಗತೈತಿ, ಇದು ತೂತು ಬಿದ್ದೈತಿ, ದೂರ ಓಡಿ ಕಾದಾಗ ಸೋರತೈತಿ. ನಮ್ಮ ಈ ಬಿಸಲಾಗ ಹೀಟರ್ ಯಾರ್ ಹಚ್ಚತಾರ್ರಿ? ಅದೊಂದು ಐತಿ ಅನ್ನೂದ ನೆನಪಾಗಲಿಲ್ಲ ನೋಡ್ರಿ.' ಹೀಟರಿಗೆ ಹೋಗುವ ಪೈಪನ್ನೂ ಬರುವ ಪೈಪನ್ನೂ ಒಂದಕ್ಕೊಂದು ಜೋಡಿಸಿಬಿಟ್ಟ. ಸೋರುವುದು ನಿಂತಿತು.

ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. 'ಅತ್ತೀ, ಸಿಕ್ತ್ರಿ!' ಎಂದು ಬಾಗಿಲಲ್ಲೇ ಕೂಗಿದೆ. ಕೂಗಿದ ಮೇಲೆ ಹೊಳೆಯಿತು. ಸೋರಿದ್ದು ನೀವಲ್ಲ ಎಂದರೆ, ನೀವೇ ಎಂದು ಇಷ್ಟು ದಿನ ತಿಳಿದಿದ್ದೆ ಎಂದಂತಾಗುತ್ತದಲ್ಲ! ಪಕ್ಕದಲ್ಲಿ ಕೂತು, ಹೀಟರು, ತೂತು, ಡಬ್ಬ, ಹೋಳಿಗೆ ಎಲ್ಲವನ್ನೂ ಹೇಳಿದೆ. ಅವರ ಕೈ ನಿಂತಿತು.

'ಅಂದ್ರ ಆ ನೀರು ಗಾಡೀದ?'

'ಗಾಡೀದರೀ ಅತ್ತಿ. ನಿಮ್ಮದಲ್ಲ.'

ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನನಗೂ ಅಳು ಬಂತು. ಎಷ್ಟೋ ಹೊತ್ತಿನ ಮೇಲೆ ಅವರು ಕಣ್ಣೊರೆಸಿಕೊಂಡರು. 'ನಾ ಪ್ರತಿ ಸಲ ಮುಟ್ಟಿ ನೋಡ್ಕೊಂಡಿದ್ದೆ. ಸೀಟು ಒಣಾ ಇತ್ತು. ಸೀರಿನೂ ಮ್ಯಾಲೆಲ್ಲ ಒಣಾನ ಇತ್ತು.'

'ಮತ್ತ ಯಾಕ ಹೇಳಲಿಲ್ರಿ?'

'ಊರ ಮಂದಿಗೆಲ್ಲ ಚೀರ್ಯಾಡಾಕಿ ನೀ. ನನಗ ಮಾತ್ರ ಒಂದ ಮಾತ ಆಡಲಿಲ್ಲ. ಸುಮ್ನ ಟವೆಲ್ ಹಾಸಿದಿ. ಅದನ್ನ ನೋಡಿ ನಾ ತಿಳ್ಕೊಂಡ್ನಿ, ಖರೇನ ನಂದ ಇರಬೇಕು ಅಂತ.'