ಕೋವಿಯ ಇನ್ನೊಂದು ಅಡಿ

ಗೆಳೆಯರೇ, ಇವತ್ತು ಲೈಸೆನ್ಸು ಹೊಸದು ಮಾಡಿಸಲು ಹೋದರೆ, ಮಳವಳ್ಳಿ ಅಮಲ್ದಾರರ ಕಚೇರಿಯಲ್ಲಿ ನನ್ನ ಕೋವಿ ಕಿತ್ತುಕೊಳ್ಳುವುದರಲ್ಲಿದ್ದರು. ಲೈಸೆನ್ಸಿನಲ್ಲಿ ನಳಿಗೆ ನಾಲ್ಕಡಿ ಎಂದಿದೆ. ಗುಮಾಸ್ತರು ಅಳೆದರೆ ಮೂರೇ ಅಡಿ.

"ಇದು ಬೇರೆ ಕೋವಿ. ಹಳೇದನ್ನ ಯಾರಿಗೆ ಮಾರಿದೆ?"

"ಮಾರ್ನಿಲ್ಲ ಸ್ವಾಮಿ. ತುದಿ ಸೀಳಿತ್ತು, ರಿಪೇರಿ ಸಾಬ್ರ ತಾವ ಕುಯ್ಸ್ದೆ."

"ಕುಯ್ದ ತುಂಡು ತೋರಿಸು. ಇಲ್ಲದಿದ್ದರೆ ಕೋವಿ ಇಲ್ಲೇ ಇರುತ್ತೆ."

"ದಿನಾ ಕಬ್ಬಿಗೆ ಅಂದಿ ನುಗ್ತಾವೆ. ನೀವು ಬಂದು ಓಡುಸ್ತೀರಾ?" ಎಂದು ರೇಗಿದೆ. ಅವರು ಕೋವಿಯನ್ನು ತಮ್ಮ ಮೇಜಿನ ಹಿಂದೆ ಒರಗಿಸಿಟ್ಟರು.

ಹಲ್ಲು ಕಡಿಯುತ್ತಾ ಎರಡು ಮೈಲಿ ನಡೆದು ಮನೆಗೆ ಬಂದೆ. ಆ ತುಂಡು ಅವ್ವನ ಕೈಯಲ್ಲೇ ಇತ್ತು. ಕುಯ್ಸಿದ ದಿನದಿಂದ ಅದೇ ಅವಳ ಊದುಕೊಳವೆ.

"ಮುದ್ದೆ ಆಗೋಗಂಟ ಕೊಡಾಕಿಲ್ಲ ಕಣ್ಲಾ," ಎಂದಳು. ಕಾದು, ಮುದ್ದೆ ಉಂಡೇ ಹೊರಟೆ.

ಗುಮಾಸ್ತರು ಮಸಿ ಹಿಡಿದ ಕೊಳವೆಯನ್ನು ನಳಿಗೆಗೆ ಜೋಡಿಸಿ ಅಳೆದರು. ಸರಿಯಾಗಿ ನಾಲ್ಕಡಿ. ಕೈಯೆಲ್ಲ ಕಪ್ಪು ಮಾಡಿಕೊಂಡು ಮೊಹರು ಒತ್ತಿ, ಕೆಳಗೆ ಬರೆದರು: "ನಳಿಗೆ ಎರಡು ತುಂಡು. ಪ್ರತಿ ವರ್ಷ ಎರಡನ್ನೂ ಹಾಜರುಪಡಿಸತಕ್ಕದ್ದು."

ಕೋವಿ ಹೆಗಲೇರಿಸಿಕೊಂಡು ಬಂದು ಕೊಳವೆಯನ್ನು ಅವ್ವನಿಗೆ ಕೊಟ್ಟೆ. ಇಡೀ ತಾಲ್ಲೂಕಿನಲ್ಲಿ ಲೈಸೆನ್ಸು ಇಟ್ಟುಕೊಂಡು ಒಲೆ ಊದುವವಳು ಈಗ ಅವಳೊಬ್ಬಳೇ.